ಅಂಗೈಯಲ್ಲಿ ಲಿಂಗ ಅಲುಗಿದ ಶ್ರಾವಣ

ನನ್ನ ಎಡಗೈ ಹೆಬ್ಬೆರಳಿನ ಬುಡದ ಮಾಂಸ ತನ್ನಷ್ಟಕ್ಕೆ ತಾನೇ ಹಾರತೊಡಗಿದ್ದು ಎಪ್ಪತ್ನಾಲ್ಕನೆಯ ಇಸವಿಯ ಮುಂಗಾರಿನಲ್ಲಿ. ಆಗ ನಾನು ಬಾಗೇವಾಡಿ ತಾಲೂಕಿನ ಮಸೂತಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ವಯಸ್ಸು ಇಪ್ಪತ್ತಾರು. ಮುದ್ದೇಬಿಹಾಳದ ಹುಡುಗಿಯೊಂದಿಗೆ ಮದುವೆ ನಿಶ್ಚಯವಾಗಿತ್ತು, ದೀಪಾವಳಿ ಕಳೆದ ಮೇಲೆ ಅಕ್ಷತೆಯ ಅಕ್ಕಿಕಾಳು ಬೀಳುವುದಿತ್ತು. ಶರಣ ಬಂಧುಗಳೇ, ನಾನು ಮೂಗಿನ ತುದಿಯಲ್ಲೇ ಸಿಟ್ಟಿರುವ ಮನುಷ್ಯ, ಸಿಂಗಾರ ಮಾಡಿ ಹೇಳಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನನ್ನ ಹುಚ್ಚಾಟವನ್ನೂ ಬಿಡದೆ.

ಮೊದಲು ಹೆಬ್ಬೆರಳು, ನಾಲ್ಕು ದಿನಕ್ಕೆ ಮೀನಖಂಡ, ಆಮೇಲೆ ತೋಳು, ಕಡೆಗೆ ಬಲಗಣ್ಣಿನ ರೆಪ್ಪೆ. ಚರ್ಮದ ಕೆಳಗೆ ಹುಳ ಹರಿದ ಹಾಗೆ. ಅವ್ವನಿಗೆ ತೋರಿಸಿದರೆ ಅವಳು ಹಿಗ್ಗಿದಳು.

"ಗಂಡಸಿಗೆ ಬಲಗಣ್ಣ ಹಾರಿದ್ರ ಚೊಲೊ ಆಗತೈತಿ. ಲಗ್ನದ ಮನಿ, ಹಾರಲಿ ಬಿಡು."

"ಮತ್ತ ಎಡಗೈ ಯಾಕ ಹಾರತೈತಿ?"

"ಅದು ಕಣ್ಣಿನ ಜೋಡಿ ಬಂದಿರತೈತಿ ತಗೊ."

ಅವಳ ಶಾಸ್ತ್ರ ಕೇಳಿ ನನಗೆ ಸಿಟ್ಟು ಬಂತು. ಆದರೆ ಸಿಟ್ಟಿನ ಹಿಂದೆ ಇದ್ದದ್ದು ಹೆದರಿಕೆ. ಅದಕ್ಕೆ ಕಾರಣ ನಮ್ಮ ಶಾಲೆಯ ಹಿಂದಿನ ಹೆಡ್‌ಮಾಸ್ತರರು. ಅವರು ನನಗೆ ತಂದೆಯಂತಿದ್ದರು. ಎರಡು ವರ್ಷದ ಹಿಂದೆ ಒಂದು ದಿನ ಅಂಗಿ ತೋಳು ಮಡಚಿ, "ಇಲ್ಲಿ ನೋಡ್ರಿ, ಮಾಂಸ ಹೆಂಗ ಕುಣೀತೈತಿ" ಎಂದು ನಗುತ್ತ ತೋರಿಸಿದ್ದರು. ಆಮೇಲೆ ಆ ತೋಳು ಸೊರಗಿತು, ಕಾಲು ಸೊರಗಿತು, ಮಾತು ತೊದಲಿತು, ಗಂಜಿಯೂ ಗಂಟಲಿನಲ್ಲಿ ಇಳಿಯದಾಯಿತು. ನರದ ರೋಗ, ಇದಕ್ಕೆ ಔಷಧವಿಲ್ಲ ಎಂದು ದೊಡ್ಡ ದವಾಖಾನೆಯಿಂದ ಮನೆಗೆ ಕಳಿಸಿದ್ದರು. ಅವರ ಹೆಣ ಹೊತ್ತ ನಾಲ್ವರಲ್ಲಿ ನಾನೂ ಒಬ್ಬ. ಅಂಥದರಲ್ಲಿ ನನ್ನ ಕೈ ಹಾರಿದರೆ ನಾನು ಏನು ತಿಳಿಯಬೇಕು, ನೀವೇ ಹೇಳಿ.

ಶ್ರಾವಣ ಬಂತು. ನಾನು ಹರಕೆ ಹೊತ್ತೆ. ತಿಂಗಳು ಪೂರ್ತಿ ಒಪ್ಪತ್ತು ಊಟ, ದಿನಾ ಬೆಳಿಗ್ಗೆ ಒಂದೂವರೆ ತಾಸು ಲಿಂಗಪೂಜೆ. ತಿಳಿಯದವರಿಗಾಗಿ ಹೇಳುತ್ತೇನೆ: ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ನಾವು ಎಡ ಅಂಗೈ ಮೇಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಅದನ್ನೇ ದಿಟ್ಟಿಸುತ್ತ ಪೂಜೆ ಮಾಡುತ್ತೇವೆ. ಅಲ್ಲಿಯವರೆಗೆ ನನ್ನ ಪೂಜೆ ಕಾಲು ತಾಸಿನಲ್ಲಿ ಮುಗಿಯುತ್ತಿತ್ತು. ಈಗ ಮೊಣಕೈಯನ್ನು ಎಲ್ಲಿಯೂ ಊರದೆ, ಕೈ ಗಾಳಿಯಲ್ಲಿ ಎತ್ತಿ ಹಿಡಿದು ಕುಳಿತೆ. ಕಷ್ಟಪಟ್ಟಷ್ಟೂ ದೇವರು ಬೇಗ ಕೇಳುತ್ತಾನೆ ಎಂಬುದು ನನ್ನ ಲೆಕ್ಕ.

ಮೂರನೆಯ ದಿನ ಲಿಂಗ ಅಲುಗಿತು. ಕಣ್ಣು ಉಜ್ಜಿಕೊಂಡು ನೋಡಿದೆ, ಮತ್ತೆ ಅಲುಗಿತು. ಹೆಬ್ಬೆರಳಿನ ಬುಡ ಹಾರಿದಾಗಲೆಲ್ಲ ಲಿಂಗ ಆಚೆಗೊಮ್ಮೆ ಈಚೆಗೊಮ್ಮೆ, ಒಲ್ಲೆ ಒಲ್ಲೆ ಎಂದು ತಲೆ ಅಲ್ಲಾಡಿಸಿದ ಹಾಗೆ. ನಾನು "ನನ್ನನ್ನು ಉಳಿಸು" ಎಂದು ಬೇಡುವುದು, ಅದು ಅಲುಗುವುದು. ಬೇಡಿದಷ್ಟೂ ಹೆಚ್ಚು ಅಲುಗುವುದು. ಎಂಟು ಹತ್ತು ದಿನ ಹೀಗೇ ನಡೆಯಿತು. ದೇವರು ಎದುರಿಗೇ ಕುಳಿತು ಆಗುವುದಿಲ್ಲ ಎನ್ನುತ್ತಿದ್ದಾನೆ ಎಂದು ನಾನು ಪೂರಾ ನಂಬಿದೆ. ಪೂಜೆ ಮುಗಿಸಿ ಬಚ್ಚಲಿಗೆ ಹೋಗಿ ಅಳುತ್ತಿದ್ದೆ.

ಒಂದು ಗುರುವಾರ ಬಾಗೇವಾಡಿಗೆ ಹೋಗಿ ಬಸವಣ್ಣನ ಗುಡಿಯ ಮೆಟ್ಟಿಲ ಮೇಲೆ ಕುಳಿತು ಬೀಗರಿಗೆ ಕಾಗದ ಬರೆದೆ. ನನಗೆ ಕೆಟ್ಟ ರೋಗ ಬಂದಿದೆ, ಎರಡು ವರ್ಷದ ಬಾಳು, ನಿಮ್ಮ ಮಗಳಿಗೆ ಬೇರೆ ಕಡೆ ನೋಡಿರಿ. ಹುಡುಗಿಯ ಹೆಸರು ಶಾಂತಾ. ನಾನು ಅವಳನ್ನು ಒಮ್ಮೆ ಮಾತ್ರ ನೋಡಿದ್ದೆ, ಚಹಾದ ಬಶಿ ಕೊಡುವಾಗ ತಲೆ ತಗ್ಗಿಸದೆ ನನ್ನ ಮುಖ ನೋಡಿದ್ದಳು. ಕಾಗದ ಡಬ್ಬಿಗೆ ಹಾಕುವಾಗ ಆ ನೋಟ ನೆನಪಾಯಿತು. ಅವ್ವನಿಗೆ ಹೇಳಲಿಲ್ಲ.

ಅದೇ ದಿನ ಔಷಧಿ ಅಂಗಡಿಯವನೊಬ್ಬ, ಸೊಲ್ಲಾಪುರದ ನರರೋಗದ ಡಾಕ್ಟರರು ತಿಂಗಳಿಗೊಮ್ಮೆ ಇಂಡಿಗೆ ಬರುತ್ತಾರೆ, ಈ ಭಾನುವಾರ ಬರುವವರಿದ್ದಾರೆ ಎಂದ. ಸಾಯುವುದು ಖಾತ್ರಿ ಮಾಡಿಕೊಂಡಾದರೂ ಸಾಯೋಣ ಎಂದು ಭಾನುವಾರ ನಸುಕಿನಲ್ಲೇ ಹೊರಟು ಬಾಗೇವಾಡಿಯಲ್ಲಿ ಸಿಂದಗಿ ಬಸ್ಸು ಹತ್ತಿದೆ. ಹಿಂದಿನ ದಿನದ ಮಳೆಗೆ ಕಪ್ಪು ಎರಿ ಮಣ್ಣು ಅಂಟಂಟಾಗಿತ್ತು. ಹಿಪ್ಪರಗಿಯ ಈಚೆಗೆ, ಎದುರಿನ ಗಾಡಿಗೆ ದಾರಿ ಕೊಡಲು ಹೋಗಿ ನಮ್ಮ ಬಸ್ಸಿನ ಹಿಂದಿನ ಗಾಲಿ ರಸ್ತೆ ಬಿಟ್ಟು ಕೆಸರಿನಲ್ಲಿ ಇಳಿಯಿತು.

"ಗಂಡಸರೆಲ್ಲ ಇಳೀರಿ, ನೂಕ್ರಿ" ಎಂದ ಕಂಡಕ್ಟರ್.

ಎಲ್ಲರೂ ಇಳಿದರು. ನಾನು ಕಿಟಕಿಗೆ ಒರಗಿ ಕುಳಿತೇ ಇದ್ದೆ. ಪಕ್ಕದಲ್ಲಿ ಕಂಬಳಿ ಹೊದ್ದ ಮುದುಕಿಯೊಬ್ಬಳು ಮಡಿಲಲ್ಲಿ ಕಾಲು ಕಟ್ಟಿದ ಕೋಳಿ ಇಟ್ಟುಕೊಂಡು ಕುಳಿತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕೊ ತಮ್ಮಾ, ಬಾಣಂತಿ ಆಗೀಯೇನು?"

"ಇಲ್ಲಬೇ. ನನಗ ನರದ ರೋಗ ಐತಿ, ಕೈಯಾಗ ಬಲ ಇಲ್ಲ."

"ಯಾರ ಹೇಳ್ಯಾರ?"

"ಇನ್ನಾ ಯಾರೂ ಹೇಳಿಲ್ಲ. ಕೇಳಾಕ ಹೊಂಟೇನಿ."

"ಅವ್ರು ಹೇಳೂದರೊಳಗ ನೀನ ರೋಗಿ ಆಗಿ ಕುಂತೀ. ಹಿಡಿ ನನ್ನ ಕೋಳಿ, ನಾ ನೂಕತೇನಿ."

ಹೇಳಿದವಳೇ ಕೋಳಿಯನ್ನು ನನ್ನ ತೊಡೆಯ ಮೇಲೆ ಒಗೆದು, ಕಚ್ಚೆ ಬಿಗಿದು ಇಳಿದೇ ಬಿಟ್ಟಳು. ಬಸ್ಸಿನಲ್ಲಿ ಉಳಿದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಕೋಳಿಯನ್ನು ಒಬ್ಬಳ ಕೈಗೆ ಕೊಟ್ಟು ಇಳಿದು, ಮುದುಕಿಯ ಪಕ್ಕದಲ್ಲಿ ಹೆಗಲು ಕೊಟ್ಟೆ. ಮೊದಲನೆಯ ಸಲ ಬಸ್ಸು ಜಗ್ಗಲಿಲ್ಲ. ಎರಡನೆಯ ಸಲ ಗಾಲಿ ತಿರುಗಿ ಕೆಸರೆಲ್ಲ ಮುಖಕ್ಕೆ ಬಂತು. ಮೂರನೆಯ ಸಲ ನಾನು ಹಲ್ಲು ಕಚ್ಚಿ ನೂಕಿದೆ, ಬಸ್ಸು ರಸ್ತೆಗೆ ಬಂತು. ಮುದುಕಿ ನನ್ನ ರಟ್ಟೆ ಹಿಡಿದು ನೋಡಿ, "ಚೊಲೊ ರೋಗ ಐತಿ ಬಿಡು ನಿಂದು" ಎಂದಳು. ಹಿಪ್ಪರಗಿಯಲ್ಲಿ ಕೋಳಿ ಎತ್ತಿಕೊಂಡು ಇಳಿದು ಹೋದಳು.

ಸಿಂದಗಿಯಲ್ಲಿ ಬಸ್ಸು ಬದಲಿಸಿ ಇಂಡಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಡಾಕ್ಟರರು ತೆಳ್ಳಗಿನ ಮನುಷ್ಯ, ಮರಾಠಿ ಬೆರೆಸಿ ಕನ್ನಡ ಮಾತಾಡುತ್ತಿದ್ದರು. ನನ್ನ ಕಥೆಯನ್ನು ಪೂರ್ತಿ ಕೇಳಿದರು. ಮೊಣಕಾಲಿಗೆ ಸುತ್ತಿಗೆ ತಟ್ಟಿದರು, ನಾಲಿಗೆ ಹೊರಚಾಚಿಸಿದರು, ಹಿಮ್ಮಡಿಯ ಮೇಲೆ ನಡೆಸಿದರು, ನನ್ನ ಕೈಯನ್ನು ಒತ್ತಿ ಹಿಡಿದು ಮೇಲೆತ್ತು ಎಂದರು. ಎತ್ತಿದೆ.

"ಬಲ ಪೂರಾ ಐತಿ. ಈ ರಾಡಿ ಎಲ್ಲಿದು?"

"ಬಸ್ ನೂಕಿದೆರೀ."

"ಅರೆ, ಬಸ್ ನೂಕಿ ಬಂದು ಕೈಯಾಗ ಬಲ ಇಲ್ಲಂತೀರಿ? ನಿಮ್ಮ ಹೆಡ್‌ಮಾಸ್ತರರಿಗೆ ಮೊದಲು ಆದದ್ದು ಏನು, ನೆನಪ ಮಾಡ್ರಿ. ಹಾರಿದ್ದೋ, ಬಲ ಹೋದದ್ದೋ?"

ಯೋಚಿಸಿದೆ. ಅವರ ಕೈಯಿಂದ ಸೀಮೆಸುಣ್ಣ ಜಾರತೊಡಗಿ ಆಗಲೇ ಕೆಲವು ತಿಂಗಳಾಗಿತ್ತು. ನಾವೇ ಹೆಕ್ಕಿ ಕೊಡುತ್ತಿದ್ದೆವು. ತೋಳು ಕುಣಿಯುವುದನ್ನು ಅವರು ತೋರಿಸಿದ್ದು ಅದಾದ ಮೇಲೆ. ನಾನು ಹೆದರಿಕೆಯಲ್ಲಿ ಹಿಂದಿನದನ್ನು ಮುಂದೆ ಮಾಡಿಕೊಂಡಿದ್ದೆ.

ಆಮೇಲೆ ಅವರು ಊಟ, ಚಹಾ ಕೇಳಿದರು. ಒಪ್ಪತ್ತು ಊಟ, ಹಸಿವಾದಾಗಲೆಲ್ಲ ಚಹಾ, ದಿನಕ್ಕೆ ಹನ್ನೆರಡೋ ಹದಿಮೂರೋ ಎಂದೆ. ಎಡಗೈಯೇ ಯಾಕೆ ಹೆಚ್ಚು ಹಾರುತ್ತದೆ ಎಂದಾಗ ಪೂಜೆಯ ವಿಷಯ ಹೇಳಿದೆ. ಲಿಂಗ ಒಲ್ಲೆ ಎನ್ನುವುದನ್ನೂ ಹೇಳಿದೆ.

ಅವರು ನಗಲಿಲ್ಲ. ಮೇಜಿನ ಮೇಲಿದ್ದ ಕಾಗದ ಒತ್ತುವ ಕಲ್ಲಿನ ಗುಂಡನ್ನು ತಮ್ಮ ಎಡ ಅಂಗೈ ಮೇಲಿಟ್ಟುಕೊಂಡು, ನಾನು ಹೇಳಿದ ಹಾಗೆಯೇ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಹಾಗೆ ಹಿಡಿದೇ ನನ್ನ ಮದುವೆಯ ವಿಚಾರ ಕೇಳಿದರು, ನಾನು ಕಾಗದದ ಕಥೆ ಹೇಳಿದೆ. ಹೊರಗೆ ಕಾದವರು ಬಾಗಿಲಲ್ಲಿ ಇಣುಕಿ ಡಾಕ್ಟರರಿಗೇ ಏನಾಯಿತೆಂದು ನೋಡಿದರು. ಹೊತ್ತು ಹೋಯಿತು. ಅವರ ತೋಳು ನಡುಗಿತು, ಆಮೇಲೆ ಹೆಬ್ಬೆರಳಿನ ಬುಡದ ಮಾಂಸ ಪಟಪಟ ಹಾರಿತು, ಗುಂಡು ಅಲುಗಿತು.

"ನೋಡ್ರಿ ಮಾಸ್ತರ, ನಿಮ್ಮ ರೋಗ ನನಗೂ ಬಂತು" ಎಂದು ಕೈ ಇಳಿಸಿದರು. "ದಣಿದ ಮಾಂಸ ಹಾರತೈತಿ. ಹೆದರಿದ್ರ, ಹಸದ್ರ, ಚಾ ಕುಡದ್ರ ಮತ್ತಿಷ್ಟು ಹಾರತೈತಿ. ಪೂಜಾ ಬಿಡಬ್ಯಾಡ್ರಿ, ಮೊಣಕೈ ಊರ್ರಿ. ಎರಡು ಹೊತ್ತು ಉಣ್ರಿ. ಹಾರೂದಿದ್ರ ಹಾರಲಿ, ಹೋಗಿ ಲಗ್ನ ಮಾಡಿಕೊಳ್ರಿ."

ನಾನು ಅವರ ಕಾಲು ಹಿಡಿದೆ. ಬೇಡ ಬೇಡ ಎಂದು ಹಿಂದೆ ಸರಿದರು. ಇಂಡಿಯ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಆರು ರೊಟ್ಟಿ ಉಂಡೆ. ಏಳನೆಯದಕ್ಕೆ ಕೈ ಚಾಚಿದಾಗ ಬಡಿಸುವವ, "ಎಲ್ಲಿಂದ ಬಂದೀರಿ, ಬರಗಾಲದಿಂದೇನು?" ಎಂದು ಕೇಳಿದ.

ಆ ದಿನ ಅಲ್ಲಿಯ ಮಠದಲ್ಲಿ ತಂಗಿ, ಮರುದಿನ ಮನೆಗೆ ಹೋಗದೆ ನೇರ ಮುದ್ದೇಬಿಹಾಳಕ್ಕೆ ಹೋದೆ. ಶಾಂತಾಳ ತಂದೆ ಸಂಗಪ್ಪನವರಿಗೆ ಪೇಟೆಯಲ್ಲಿ ಕಾಳಿನ ಅಂಗಡಿ. ಕಾಗದ ಶನಿವಾರವೇ ಮುಟ್ಟಿತ್ತು. ನನ್ನನ್ನು ನೋಡಿ ಅವರ ಮುಖ ಬಾಡಿತು, ನಡೆದದ್ದು ಕೇಳಿದ ಮೇಲೆ ಕೆಂಪಾಯಿತು.

"ಎರಡು ದಿನ ಮನ್ಯಾಗ ಒಲಿ ಹಚ್ಚಿಲ್ಲರಿ ನಾವು. ಸಾಲಿ ಕಲಿಸೂ ಮನಶ್ಯಾ, ಇಷ್ಟರ ಮಟ್ಟಿಗೆ ದಡ್ಡತನ?"

"ತಪ್ಪಾತ್ರಿ. ಕಾಗದ ಹರದ ಒಗೀರಿ."

"ಒಗೆಯೂದು ಅಕಿ ಕೈಯಾಗ ಐತಿ. ಕಾಗದಾ ಅಕೀನ ಇಟಗೊಂಡಾಳ."

ಶಾಂತಾ ನೀರು ತಂದಿಟ್ಟಳು. ಈ ಸಲ ನನ್ನ ಮುಖ ನೋಡಲಿಲ್ಲ, ತಂಬಿಗೆ ಇಟ್ಟು ಸರಕ್ಕನೆ ಒಳಗೆ ಹೋದಳು. ಹಿರಿಯರು ಒಪ್ಪಿದರು, ಆದರೆ ಹುಡುಗಿಯ ಮನಸ್ಸು ಮುರಿದೆನೇ ಎಂಬ ಚಿಂತೆ ಹೊತ್ತು ಮಸೂತಿಗೆ ಬಂದೆ. ಅವ್ವನಿಗೆ ಎಲ್ಲ ಹೇಳಿದೆ. ಅವಳು ಬಸ್ಸಿನ ಮುದುಕಿ ಸಾಕ್ಷಾತ್ ದೇವಿಯೇ ಎಂದು ಕೈ ಮುಗಿದಳು. ದೇವಿ ಬಸ್ಸಿನಲ್ಲಿ ಕೋಳಿ ಒಯ್ಯುವುದಿಲ್ಲ ಎಂದು ನಾನು ವಾದಿಸಿದೆ. ಆದರೂ ಆ ಮುದುಕಿಯನ್ನು ನನ್ನ ಪಕ್ಕದಲ್ಲೇ ಕೂರಿಸಿದವನು ಯಾರೆಂಬುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಗುರುವಾರ ಶಾಲೆಯಲ್ಲಿದ್ದಾಗ ಟಪಾಲಿನವ ಒಂದು ಲಕೋಟೆ ಕೊಟ್ಟ. ಮುದ್ದೇಬಿಹಾಳದ್ದು. ಠಸ್ಸೆ ನೋಡಿದೆ, ಸೋಮವಾರ ಬೆಳಿಗ್ಗೆ ಹಾಕಿದ್ದು. ನಾನು ಅವರ ಮನೆ ಮುಟ್ಟಿದ್ದು ಆ ಸಂಜೆ. ಒಳಗೆ ದುಂಡಗಿನ ಅಕ್ಷರ:

"ನೀವು ಅಪ್ಪನಿಗೆ ಬರೆದಿರಿ, ನನ್ನನ್ನು ಕೇಳಲಿಲ್ಲ. ಅಪ್ಪ ಬೇರೆ ಕಡೆ ನೋಡುತ್ತೇನೆ ಎಂದರು, ನಾನು ಒಲ್ಲೆ ಎಂದೆ. ಎರಡು ವರ್ಷ ಎಂದು ಬರೆದಿದ್ದೀರಿ. ಎರಡು ವರ್ಷವಾದರೆ ಎರಡು ವರ್ಷ. ದೀಪಾವಳಿಯವರೆಗೆ ಯಾಕೆ ಕಾಯಬೇಕು, ಶ್ರಾವಣ ಮುಗಿಯುವುದರೊಳಗೆ ಅಕ್ಕಿಕಾಳು ಹಾಕಿಸಿರಿ. ಶಾಂತಾ."

ಪಾಠ ಹೇಳುವುದನ್ನು ಬಿಟ್ಟು ಕುರ್ಚಿಯ ಮೇಲೆ ಕುಳಿತು ಹುಡುಗರ ಎದುರಿಗೇ ಅತ್ತೆ. ದೇವರ ಮುಂದೆ ನಾನು ಬೇಡಿದ್ದು ನನ್ನ ಜೀವ ಉಳಿಯಲಿ, ಹೆಬ್ಬೆರಳು ಸುಮ್ಮನಾಗಲಿ ಎಂದು ಮಾತ್ರ. ಅಷ್ಟೇ ಬೇಡಲು ನನಗೆ ತಿಳಿದಿತ್ತು. ನಾನು ಸಾಯುತ್ತೇನೆಂದು ನಂಬಿಯೂ ಬರುತ್ತೇನೆಂದು ಬರೆದ ಈ ಹುಡುಗಿಯನ್ನು ಅವನು ಕೇಳದೆಯೇ ಕೊಟ್ಟಿದ್ದ. ಅವನಿಗೆ ಶರಣು, ಸಾವಿರ ಸಲ ಶರಣು. ಮದುವೆಯನ್ನು ನಾವು ಶ್ರಾವಣದಲ್ಲೇ ಮಾಡಿಕೊಂಡೆವು.