ಆರ್ಮೇನಿಯಾದ ಕ್ಲಬ್ಬು ಮತ್ತು ನನ್ನ ಪಾಟೀಸವಾಲು

2001ರಲ್ಲಿ ನಾನು ಸಿಂದಗಿ ಕೋರ್ಟಿನಲ್ಲಿ ಎರಡು ವರ್ಷದ ವಕೀಲ, ವಯಸ್ಸು ಇಪ್ಪತ್ತಾರು. ಕಾನೂನಿಗಿಂತ ಮೊದಲು ನಾನು ಕಲಿತದ್ದು ಚರ್ಚಾಸ್ಪರ್ಧೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಸ್ಪರ್ಧೆ ಇದ್ದರೂ ಬಸ್ಸು ಹತ್ತಿ ಹೋಗಿ ಢಾಲು ಹೊತ್ತು ತರುತ್ತಿದ್ದೆ. ಪರ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ನೀನು ಯಾವುದನ್ನು ನಂಬುತ್ತೀ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಕೋರ್ಟಿನಲ್ಲಿ ನನ್ನ ದಿನದ ಅನ್ನ ಅಫಿಡವಿಟ್ಟು, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ. ಅದರಲ್ಲೂ ಬಹುಪಾಲು ಹೆಣ್ಣುಮಕ್ಕಳವು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಸುತ್ತಾರೆ. ಅಂದಿನಿಂದ ತವರಿನ ಶಾಂತಾ ಗಂಡನ ಮನೆಯಲ್ಲಿ ಗಿರಿಜಾ. ಶಾಲೆಯ ದಾಖಲೆ ಒಂದು ಹೆಸರಿನಲ್ಲಿ, ರೇಷನ್ ಕಾರ್ಡು ಇನ್ನೊಂದರಲ್ಲಿ. ಎರಡೂ ಹೆಸರು ಒಬ್ಬಳವೇ ಎಂದು ನಾವು ಬರೆದುಕೊಡಬೇಕು. ನಾನು ಬರೆದ ಮೊದಲ ಅಫಿಡವಿಟ್ಟು ನನ್ನ ಅವ್ವನದೇ. ಓದುಗರು ಇದನ್ನು ನೆನಪಿಡಬೇಕು, ನಾನು ಮರೆತಿದ್ದೆ.

ಆ ವರ್ಷ ಪಟ್ಟಣದ ಒಂದು ಖಾಸಗಿ ಹೈಸ್ಕೂಲಿನ ಚೇರಮನ್ನರು ನನ್ನನ್ನು ಕರೆಸಿದರು. ಶಾಲೆಯ ಮೈದಾನ ದೊಡ್ಡ ರಸ್ತೆಗೆ ಹೊಂದಿಕೊಂಡಿತ್ತು. ಅಲ್ಲಿ ಮಳಿಗೆಗಳನ್ನು ಕಟ್ಟಿಸುವುದು ಅವರ ಯೋಜನೆ. ಅಡ್ಡ ನಿಂತವರು ಒಬ್ಬರೇ, ದೈಹಿಕ ಶಿಕ್ಷಕ ಮೋರಟಗಿಯ ಅಡಿವೆಪ್ಪ ಮಾಸ್ತರು. ಚೇರಮನ್ನರು ಒಂದು ಹಳೆಯ ಸರ್ಟಿಫಿಕೇಟಿನ ಪ್ರತಿಯನ್ನು ಮೇಜಿನ ಮೇಲಿಟ್ಟು, "ಈ ಮನಶ್ಯಾ ರಷ್ಯಾಕ್ಕ ಹೋಗಿ ಫುಟ್‌ಬಾಲ್ ಕಲ್ತು ಬಂದೇನಿ ಅಂತಾನ. ಇದು ಖೊಟ್ಟಿ ಅಂತ ಸಾಬೀತ ಮಾಡ್ರಿ. ಮುಂದಿಂದು ನಾವು ನೋಡ್ಕೋತೇವಿ," ಅಂದರು.

ಮಾಸ್ತರರ ಕಥೆ ಪಟ್ಟಣಕ್ಕೆಲ್ಲ ಗೊತ್ತಿತ್ತು. ಸೋವಿಯತ್ ಕಾಲದಲ್ಲಿ, ತರುಣರಿದ್ದಾಗ, ಸರ್ಕಾರ ತರಬೇತಿಗೆಂದು ಆರಿಸಿ ಕಳಿಸಿದ ಗುಂಪಿನಲ್ಲಿ ಅವರೂ ಇದ್ದರು. ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಆರ್ಮೇನಿಯಾದ ಲೆನಿನಾಕಾನ್ ಎಂಬ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಮೂರು ತಿಂಗಳಿದ್ದು ಬಂದರು. ಆ ಸರ್ಟಿಫಿಕೇಟಿನ ಮೇಲೆಯೇ ಅವರಿಗೆ ನೌಕರಿ ಸಿಕ್ಕಿತ್ತು. ಕಬಡ್ಡಿ, ಖೋಖೋ ಬಿಟ್ಟು ಬೇರೆ ಆಟ ಕಾಣದ ನಮ್ಮ ಮಕ್ಕಳಿಗೆ ಅವರು ಫುಟ್‌ಬಾಲ್ ಕಲಿಸಿದರು. ಆಟಕ್ಕಿಂತ ಹೆಚ್ಚು ಆ ಕ್ಲಬ್ಬಿನ ಚರಿತ್ರೆ ಕಲಿಸಿದರು. ನೂಲಿನ ಗಿರಣಿಯ ಕೂಲಿಗಳು ಪಾಳಿ ಮುಗಿಸಿ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದದ್ದು, ಗಿರಣಿಯವರು ಅಂಗಿ ಹೊಲಿಸಿಕೊಟ್ಟದ್ದು, ಅದು ಬೆಳೆದು ಊರಿನ ಕ್ಲಬ್ಬಾದದ್ದು, ದೊಡ್ಡ ಶಹರಿನ ತಂಡವನ್ನು ಹಿಮದಲ್ಲಿ ಸೋಲಿಸಿದ್ದು. 1988ರ ಡಿಸೆಂಬರಿನಲ್ಲಿ ಅಲ್ಲಿ ಭಾರಿ ಭೂಕಂಪವಾಯಿತು. ಅಲ್ಲಿನ ಕೋಚ್ ಮಾಸ್ತರಿಗೆ ಬರೆಯುತ್ತಿದ್ದ ಪತ್ರಗಳು ನಿಂತವು. ಕ್ಲಬ್ಬು ಉಳಿಯಿತೋ ಇಲ್ಲವೋ ಮಾಸ್ತರಿಗೆ ತಿಳಿಯಲೇ ಇಲ್ಲ.

1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ ನಮ್ಮ ಮನೆಗಳ ಪಾತ್ರೆ-ಭಾಂಡೆಗಳನ್ನೂ ಅಲುಗಾಡಿಸಿತಲ್ಲ, ಮರುದಿನ ಮಾಸ್ತರು ಮಕ್ಕಳನ್ನು ಕಟ್ಟಡದೊಳಗೆ ಬಿಡಲಿಲ್ಲ. "ಇಲ್ಲೇ ಕುಂದರ್ರಿ. ಮೈದಾನ ಮೈಮ್ಯಾಲೆ ಬೀಳೂದಿಲ್ಲ," ಅಂದಿದ್ದರಂತೆ. ಎಂಟು ವರ್ಷದ ಮೇಲೆ ಮಳಿಗೆಯ ನಕಾಶೆ ತೋರಿಸಿದ ಚೇರಮನ್ನರಿಗೂ ಅದೇ ಮಾತು ಹೇಳಿದ್ದರು. ಅದು ಚೇರಮನ್ನರಿಗೆ ನಾಟಿತ್ತು.

ನಾನು ಬಿಜಾಪುರದ ಗ್ರಂಥಾಲಯಕ್ಕೆ ಹೋದೆ. ಒಂದು ಕ್ರೀಡಾ ವಾರ್ಷಿಕದಲ್ಲಿ ಆರ್ಮೇನಿಯಾದ ವೃತ್ತಿಪರ ಕ್ಲಬ್ಬುಗಳ ಪಟ್ಟಿಯೇ ಇತ್ತು. ಸರ್ಟಿಫಿಕೇಟಿನಲ್ಲಿದ್ದ ಹೆಸರು ಅದರಲ್ಲಿಲ್ಲ. ನಕ್ಷೆಯಲ್ಲಿ ಲೆನಿನಾಕಾನ್ ಎಂಬ ಊರೂ ಇಲ್ಲ. ಊರಿಲ್ಲ, ಕ್ಲಬ್ಬಿಲ್ಲ! ಬಸ್ಸಿನಲ್ಲಿ ಮರಳುವಾಗ ಇಡೀ ದಾರಿ ವಾಕ್ಯಗಳನ್ನು ಮಸೆಯುತ್ತ ಬಂದೆ.

ವಿಚಾರಣೆ ಒಂದು ವಾರದ ಅಂತರದಲ್ಲಿ ಎರಡು ದಿನ ನಡೆಯಿತು. ಕೋರ್ಟಿನದಲ್ಲ, ಆಡಳಿತ ಮಂಡಳಿಯದು. ನಿವೃತ್ತ ಹೆಡ್‌ಮಾಸ್ತರರೊಬ್ಬರು ವಿಚಾರಣಾಧಿಕಾರಿ. ಮೊದಲ ದಿನ ಆರೋಪ ಓದಿದ್ದಷ್ಟೇ. ಎರಡನೆಯ ದಿನ ನನ್ನ ಪಾಟೀಸವಾಲು, ಅಂದರೆ ಎದುರು ಪಕ್ಷದವರನ್ನು ಕೆದಕಿ ಕೇಳುವುದು. ಅದರ ಹಿಂದಿನ ದಿನ ಮತ್ತೆ ಗ್ರಂಥಾಲಯಕ್ಕೆ ಹೋಗಿ ಇನ್ನೊಂದು ಅಟ್ಲಾಸ್ ತೆಗೆದೆ. ಹಿಂಬದಿಯ ಸೂಚಿಯಲ್ಲಿ ಒಂದು ಸಾಲಿತ್ತು: ಗ್ಯುಮ್ರಿ, ಹಿಂದಿನ ಹೆಸರು ಲೆನಿನಾಕಾನ್.

ನಾನು ಆ ಪುಸ್ತಕವನ್ನು ಮುಚ್ಚಿ ಇದ್ದಲ್ಲೇ ಇಟ್ಟೆ.

ಆಗ ಮನಸ್ಸಿಗೆ ಹೇಳಿಕೊಂಡ ವಾದವನ್ನೂ ಬರೆದುಬಿಡುತ್ತೇನೆ, ಅದು ಕೆಟ್ಟ ವಾದವೇನಲ್ಲ: ಎದುರಾಳಿಯ ಪಾಯವನ್ನು ನಾನೇಕೆ ಹಾಕಿಕೊಡಲಿ? ಊರಿನ ಹೆಸರು ಬದಲಾದ ಮಾತ್ರಕ್ಕೆ ಕ್ಲಬ್ಬು ಇತ್ತೆಂದು ಸಿದ್ಧವಾಗುತ್ತದೆಯೇ? ಸ್ಪರ್ಧೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಆದರೂ ಮರುದಿನ ಊರಿನ ಸುದ್ದಿಯನ್ನೇ ಎತ್ತದೆ ಕ್ಲಬ್ಬಿಗೆ ಮಾತ್ರ ಅಂಟಿಕೊಂಡೆ. ನನಗೆ ಸತ್ಯ ಗೊತ್ತಿತ್ತು ಎಂಬುದಕ್ಕೆ ಆ ಎಚ್ಚರಿಕೆಯೇ ಸಾಕ್ಷಿ.

ವಾರ್ಷಿಕವನ್ನು ಮಾಸ್ತರರ ಮುಂದೆ ಹಿಡಿದು, "ನಿಮ್ಮ ಕ್ಲಬ್ ಇದರಾಗ ತೋರಸ್ರಿ," ಅಂದೆ.

ಅವರು ಚಾಳೀಸು ಮೂಗಿಗೇರಿಸಿ, ಬೆರಳು ಇಳಿಸುತ್ತ ಓದಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು. "ಇದs ಇರಬೇಕ್ರಿ. ಅಂಗಿ ಬಣ್ಣ ಅದs ಬರದಾರ. ಹೆಸರು ಬದಲಿ ಆಗಿರಬೇಕ್ರಿ."

"ಇರಬೇಕು, ಆಗಿರಬೇಕು ಬ್ಯಾಡ್ರಿ. ಸರ್ಟಿಫಿಕೇಟಿನ್ಯಾಗಿನ ಹೆಸರು ಈ ಪುಸ್ತಕದಾಗ ಐತೋ ಇಲ್ಲೋ?"

ಮಾಸ್ತರು ಪುಸ್ತಕ ಬಿಟ್ಟು ನನ್ನ ಮುಖ ನೋಡಿದರು. "ವಕೀಲ್ರ, ನಿಮ್ಮ ಅವ್ವಾರಿಗೆ ಲಗ್ನದಾಗ ಹೆಸರು ಬದಲಿ ಮಾಡಿಲ್ಲೇನ್ರಿ? ಹಂಗಂತ ತವರಮನ್ಯಾಗ ಹುಟ್ಟಿದಾಕಿ ಸತ್ತಳೇನ್ರಿ?"

ಅದು ಇಡೀ ವಿಚಾರಣೆಯ ಅತ್ಯಂತ ಬಲವಾದ ವಾದ. ನನಗದು ತಿಳಿಯಿತು. ತಿಳಿದೇ ಹೇಳಿದೆ: "ಪ್ರಶ್ನಿ ಕೇಳೂದು ನನ್ನ ಕೆಲಸರಿ. ನಿಮ್ಮದು ಉತ್ತರ ಕೊಡೂದು. ಆ ಹೆಸರು ಇದರಾಗ ಐತಿ, ಹೌದೋ ಅಲ್ಲೋ?"

ಚೇರಮನ್ನರು ನಕ್ಕರು. ಅವರನ್ನು ನೋಡಿ ಉಳಿದವರೂ ನಕ್ಕರು.

"ಇಲ್ರಿ," ಅಂದರು ಮಾಸ್ತರು.

ಆ ಎರಡಕ್ಷರ ಸಾಕಾಯಿತು. ನೌಕರಿ ಕಳೆದುಕೊಂಡು, ಖೊಟ್ಟಿ ಸರ್ಟಿಫಿಕೇಟು ಕೊಟ್ಟವರೆಂಬ ಹೆಸರು ಹೊತ್ತು ಅವರು ಮೋರಟಗಿಗೆ ಮರಳಿದರು. ಮೇಲ್ಮನವಿ ಹಾಕಲಿಲ್ಲ. ಹುಡುಗರು ದಾರಿಯಲ್ಲಿ "ಖೊಟ್ಟಿ ಮಾಸ್ತರ" ಎಂದು ಕೂಗುತ್ತಿದ್ದರೆಂದು ಆಮೇಲೆ ಕೇಳಿದೆ. ಮೈದಾನದಲ್ಲಿ ಮಳಿಗೆಗಳು ಎದ್ದವು. ಚೇರಮನ್ನರು ಒಂದನ್ನು ನನ್ನ ಕಚೇರಿಗೆಂದು ಕೊಟ್ಟರು, ನಾನು ತೆಗೆದುಕೊಂಡೆ. ಗೋಲಿನ ಕಂಬ ನಿಂತಿದ್ದ ಜಾಗದಲ್ಲೇ ಮೇಜು ಹಾಕಿಕೊಂಡು ಎರಡು ವರ್ಷ ಗಿರಿಜಾ, ಶಾಂತಾರ ಅಫಿಡವಿಟ್ಟು ಬರೆದೆ.

2004ರಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಇಂಟರ್ನೆಟ್ ಅಂಗಡಿ ತೆರೆಯಿತು. ಮೊದಲ ದಿನವೇ ಹೋಗಿ ನಾನು ಹುಡುಕಿದ್ದು ಆ ಕ್ಲಬ್ಬನ್ನು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಜಗ್ಗಿಯೇ ನಾನು ಇಷ್ಟು ಕೆಡಿಸಿದ್ದೇನೆ. ಗಿರಣಿಯ ಕೂಲಿಗಳು, ಹೊಲಿಸಿಕೊಟ್ಟ ಅಂಗಿ, ಹಿಮದ ಪಂದ್ಯ, ಎಲ್ಲವೂ ಆ ಪುಟದಲ್ಲಿತ್ತು. ಭೂಕಂಪದ ನಂತರ ಮೈದಾನದಲ್ಲಿ ನಿರಾಶ್ರಿತರ ಡೇರೆಗಳು ಬಿದ್ದವು. ತಂಡ ಬೇರೆ ಊರಿನ ಮೈದಾನದಲ್ಲಿ ಆಡಿತು. ದೇಶ ಸ್ವತಂತ್ರವಾದಾಗ ಹೊಸ ಹೆಸರಿಟ್ಟುಕೊಂಡು ಹೊಸ ಲೀಗಿಗೆ ಇಳಿಯಿತು. ಮಾಸ್ತರರ ಬೆರಳು ನಿಂತ ಸಾಲೇ ಅದು.

ಪ್ರಿಂಟ್ ತೆಗೆಸಿಕೊಂಡು ಮೋರಟಗಿಗೆ ಹೋದೆ. ಮಾಸ್ತರು ಬೇವಿನ ನೆರಳಲ್ಲಿ ಕೂತು ಹರಿದ ಚೆಂಡನ್ನು ದಬ್ಬಣದಿಂದ ಹೊಲಿಯುತ್ತಿದ್ದರು. "ಬರ್ರಿ ವಕೀಲ್ರ," ಅಂದರು, ನಿನ್ನೆಯಷ್ಟೇ ಭೇಟಿಯಾದವರಂತೆ. ನಾನು ಸಿದ್ಧಪಡಿಸಿಕೊಂಡಿದ್ದ ಕ್ಷಮೆಯ ಮಾತಿಗೆ ಅವರು ಕಿವಿ ಕೊಡಲಿಲ್ಲ. ಹಾಳೆ ಕಸಿದುಕೊಂಡು, ಇಂಗ್ಲಿಷನ್ನು ಕಷ್ಟಪಟ್ಟು ಓದತೊಡಗಿದರು.

"ಉಳದೈತಿ!" ಅಂದರು. "ಏ, ನೋಡ ಇಲ್ಲಿ, ನನ್ನ ಕ್ಲಬ್ ಉಳದೈತಿ!" ಒಳಗಿನಿಂದ ಹೆಂಡತಿ ಬಂದು, ಯಾವ ಕ್ಲಬ್ಬು ಎಂದು ಕೇಳದೆ, ಕಣ್ಣೊರೆಸಿಕೊಂಡರು.

ಬಹಳ ಹೊತ್ತಿನ ಮೇಲೆ ಮಾಸ್ತರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು. "ಇದು ಅವತ್ತು ನಿಮಗ ಗೊತ್ತಿತ್ತೇನ್ರಿ?"

"ಆಗ ಇಂಟರ್ನೆಟ್ಟು ಇರಲಿಲ್ರಿ ಮಾಸ್ತರ. ಪುಸ್ತಕದಾಗ ಎಷ್ಟು ಇತ್ತೋ ಅಷ್ಟs…"

"ವಕೀಲ್ರ," ಅಂದರು, ದನಿ ಏರಿಸದೆ. "ಹೌದೋ ಅಲ್ಲೋ?"

ಅಟ್ಲಾಸಿನ ಆ ಸಾಲು ಕಣ್ಣ ಮುಂದೆ ಬಂತು. "ಊರಿನ ಹೆಸರು ಬದಲಾಗಿದ್ದು ಗೊತ್ತಿತ್ರಿ. ಹೌದ್ರಿ."

ಅವರು ಹಾಳೆಯನ್ನು ಜೇಬಿಗೆ ಇಳಿಸಿದರು. ಶಿಕ್ಷಣ ಇಲಾಖೆಗೆ ಅಫಿಡವಿಟ್ಟು ಬರೆದುಕೊಡುತ್ತೇನೆ ಎಂದೆ. "ಯಾರ ಹೆಸರಿಲೆ ಬರೀತೀರಿ?" ಅಂದರು. "ನನ್ನ ಹೆಸರಿಲೆರಿ." "ಹಂಗಾರ ಬರೀರಿ. ಮೈದಾನ ಏನ್ ವಾಪಸ್ ಬರೂದಿಲ್ಲ. ಚಾ ಕುಡದು ಹೋಗ್ರಿ."

ಚಹಾ ಕುಡಿದು ಸಿಂದಗಿಯ ಬಸ್ಸು ಹತ್ತಿದೆ.

ಮಳಿಗೆ ಬಿಟ್ಟೆ. ಅಫಿಡವಿಟ್ಟು ಕಳಿಸಿದೆ. ತಲುಪಿದ ರಸೀದಿ ಬಂತು. ಉತ್ತರ ಇಂದಿಗೂ ಬಂದಿಲ್ಲ. ಅದರಲ್ಲಿ ಮೊದಲ ಕಲಮು ನಾನು ಸಾವಿರ ಸಲ ಬರೆದದ್ದೇ: ಈ ಎರಡೂ ಹೆಸರುಗಳು ಒಂದರವೇ. ಎರಡನೆಯದನ್ನು ಬರೆಯಲು ಒಂದು ಮಧ್ಯಾಹ್ನ ಹಿಡಿಯಿತು: ಇದನ್ನು ತಿಳಿಯುವ ದಾರಿ ನನ್ನ ಕೈಯಲ್ಲೇ ಇತ್ತು, ನಾನು ಮುಚ್ಚಿಟ್ಟೆ. ಸಂಶಯಪಡುವುದನ್ನು ನಾನಿನ್ನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಯಾವ ಕೇಸಿಗೆ ಹೋಗುವ ಮುನ್ನವೂ ಒಂದು ಖಾಲಿ ಹಾಳೆ ತೆಗೆದು, ನಾನು ಗೆಲ್ಲಬಾರದು ಎನ್ನುವುದಕ್ಕೆ ನನಗೆ ಗೊತ್ತಿರುವುದನ್ನೆಲ್ಲ ಬರೆಯುತ್ತೇನೆ. ಆ ಹಾಳೆ ತುಂಬಿದರೆ ಕೇಸು ವಾಪಸು ಕೊಡುತ್ತೇನೆ.