ಹುಳಿ ಮೊಸರಿನ ಸ್ವರಾಜ್ಯ

ನಮ್ಮ ಮನೆಯ ಮೊಸರು ಈಗೀಗ ಬಾಯಿಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿಯಾಗಿರುತ್ತದೆ. ಬೆಳಗಾವಿಯಂಥ ಊರಿನಲ್ಲಿ, ಹೆಸರಾದ ವಕೀಲರ ಮನೆಯಲ್ಲಿ ಇಂಥ ಮೊಸರೇ ಎಂದು ಮೂಗು ಮುರಿಯಬೇಡಿ ಮಹಾರಾಯರೇ. ಅದರ ಹಿಂದೆ ಒಂದು ಮನಶ್ಶಾಸ್ತ್ರವೇ ಇದೆ.

ವಕೀಲರೆಂದರೆ ನನ್ನ ಅಣ್ಣ. ಮುಂಬಯಿಯಿಂದ ತರಿಸಿದ ಯಾವುದೋ ಇಂಗ್ಲಿಷ್ ಪುಸ್ತಕವನ್ನು ಓದಿದಂದಿನಿಂದ ಅವನಿಗೆ ಮನುಷ್ಯರು ಮನುಷ್ಯರಾಗಿ ಕಾಣುವುದು ನಿಂತುಹೋಗಿ, ಬರಿಯ ಪ್ರಕೃತಿಗಳಾಗಿ ಕಾಣತೊಡಗಿದರು: ಹಾಲಿನವನದು ಕೋಪದ ಪ್ರಕೃತಿ, ನನ್ನದು ಜಡ ಪ್ರಕೃತಿ. ತನ್ನದು ಯಾವುದೆಂದು ಅವನು ಹೇಳಲಿಲ್ಲ; ಜಗತ್ತನ್ನು ತೂಗುವವರು ತಾವು ತಕ್ಕಡಿಯಲ್ಲಿ ಕೂರುವ ವಾಡಿಕೆಯಿಲ್ಲವಷ್ಟೆ.

ಖಾನಾಪುರದಲ್ಲಿ ಒಂದು ಎಮ್ಮೆ, ಒಂದು ಹಿತ್ತಿಲು, ಓಣಿಯ ತುಂಬ ಜಗಳ ಇಟ್ಟುಕೊಂಡು ಒಬ್ಬಳೇ ರಾಜ್ಯವಾಳುತ್ತಿದ್ದ ನಮ್ಮ ಸೋದರತ್ತೆ ಗಂಗವ್ವನನ್ನು, ಮೊಣಕಾಲು ನೋವೆಂದು ಕೇಳಿದ ಕೂಡಲೇ ಎಮ್ಮೆ ಮಾರಿಸಿ ರೈಲಿನಲ್ಲಿ ಕರೆತಂದವನೂ ಅವನೇ. ಕುರ್ಚಿ ಹಾಕಿಸಿದ, ಶಾಲು ಹೊದಿಸಿದ, ಹೊತ್ತುಹೊತ್ತಿಗೆ ಚಹಾ ಕೊಡಿಸಿದ. ಅವಳು ಸೌಟಿಗೆ ಕೈ ಚಾಚಿದರೆ ಅಣ್ಣನ ಹೆಂಡತಿ, ನಮ್ಮ ವೈನಿ, ಓಡಿಬಂದು, "ನೀವು ಕುಂದರ್ರಿ ಅತ್ತಿ, ನಾ ಮಾಡತೇನಿ" ಎನ್ನುವಳು. ಬರಬರುತ್ತ ಅತ್ತೆ ನಾಳೆಯ ಮಾತನ್ನೇ ಬಿಟ್ಟಳು. "ನಂದೇನೈತೋ ತಮ್ಮಾ, ನೀವು ಇಟ್ಟಾಂಗ" ಎಂಬುದೊಂದೇ ಉಳಿಯಿತು.

ಅಣ್ಣ ಪುಸ್ತಕ ತೆರೆದು ತೀರ್ಪು ಕೊಟ್ಟ: "ವಿಷಾದದ ಪ್ರಕೃತಿ. ಹುಟ್ಟಿನಿಂದನ ಹಿಂಗ." ಅದೇ ಸಂಜೆ ಸ್ವರಾಜ್ಯದ ಸಭೆಯಲ್ಲಿ, ಪರರ ಆಳ್ವಿಕೆಯಲ್ಲಿ ಎಷ್ಟು ಸುಖವಿದ್ದರೂ ಆತ್ಮ ಬಾಡುತ್ತದೆಂದು ಮೇಜು ಗುದ್ದಿ ಭಾಷಣ ಮಾಡಿ, ಮನೆಗೆ ಬಂದು ಅತ್ತೆಯ ಶಾಲು ಸರಿಪಡಿಸಿದ. ಇಂಥ ವಿದ್ವತ್ತಿಗೆ ನಗಬೇಕೋ ಉಗುಳಬೇಕೋ ನನಗಂತೂ ತಿಳಿಯಲಿಲ್ಲ.

ವೈನಿ ನಾಲ್ಕು ದಿನ ತವರಿಗೆ ಹೋದಾಗ ಹಾಲಿಗೆ ಹೆಪ್ಪು ಹಾಕುವವರಿಲ್ಲದೆ ಅತ್ತೆ ಎದ್ದಳು. ವೈನಿ ತಿರುಗಿ ಬಂದರೂ ಗಡಿಗೆ ಬಿಡಲಿಲ್ಲ. "ಮುಟ್ಟಬ್ಯಾಡವಾ, ಹೆಪ್ಪ ಹಾಕಾಕಿ ನಾನು." ಖಾನಾಪುರದ ಥಂಡಿಗೆ ಹಾಕುತ್ತಿದ್ದಷ್ಟೇ ಹೆಪ್ಪನ್ನು ಇಲ್ಲಿಯ ಬೆಚ್ಚನೆಯ ಅಡುಗೆಮನೆಯಲ್ಲೂ ಹಾಕಿದಳು. ಮೊಸರು ಹುಳಿಯಾಯಿತು; ಅತ್ತೆ ಮಾತ್ರ ಹಾಲಿಗೆ ನೀರು ಬೆರೆಸಿದನೆಂದು ಹಾಲಿನವನೊಡನೆ ಜಗಳಾಡುವಷ್ಟು ಚೇತರಿಸಿಕೊಂಡಳು. ಅಣ್ಣ ಬೇರೆ ಪುಟ ತೆರೆದ. ಈಗ ಅವಳದೂ ಕೋಪದ ಪ್ರಕೃತಿಯಂತೆ! ಸುಖ ಹುಟ್ಟುಗುಣದಲ್ಲಿದೆಯೋ ಸೌಕರ್ಯದಲ್ಲಿದೆಯೋ ಎಂದು ಪಂಡಿತರು ಬೇಕಾದಷ್ಟು ಕಾದಾಡಲಿ. ತಮ್ಮ ಕೈಯಾರೆ ಒಂದನ್ನಾದರೂ ಕೆಡಿಸುವ ಅಧಿಕಾರವಿಲ್ಲದವರಿಗೆ ಸುಖವೆಲ್ಲಿಂದ ಬರಬೇಕು?

ನಿನ್ನೆ ಊಟಕ್ಕೆ ಕೂತಾಗ ಅಣ್ಣ ಮೆಲ್ಲಗೆ ವೈನಿಗೆ, "ಆಕಿಗೆ ಗೊತ್ತಾಗದಂಗ ಬ್ಯಾರೆ ಹೆಪ್ಪ ಹಾಕು" ಎಂದದ್ದು ಕಿವಿಗೆ ಬಿತ್ತು. ಮೈಯೆಲ್ಲ ಉರಿದುಹೋಯಿತು. ಕುರ್ಚಿ ಕೊಟ್ಟು ಎಮ್ಮೆ ಕಸಿದವನಿಗೆ ಒಂದು ಗಡಿಗೆಯೂ ಬೇಕೆ?

ಅಷ್ಟರಲ್ಲಿ ಅತ್ತೆ ಗಡಿಗೆ ಹಿಡಿದು ಬಂದಳು. "ಹೆಂಗೈತಿ?"

"ಭಾಳ ಛಲೋ ಐತಿ ಅತ್ತಿ" ಎಂದು ಅಣ್ಣ ವಕೀಲಿ ನಗೆ ನಕ್ಕು ಮೊಸರಿನ ಬಟ್ಟಲನ್ನು ಆಚೆ ಸರಿಸಿದ. ಸರಿದ ಬಟ್ಟಲನ್ನು ನೋಡಿದ ಅತ್ತೆಯ ಮುಖ ಮತ್ತೆ ಆ ಕುರ್ಚಿಯ ದಿನಗಳ ಮುಖವಾಗತೊಡಗಿತು.

"ಹುಳಿ ಆಗೇತಿ ಅತ್ತಿ. ಹೆಪ್ಪ ಹೆಚ್ಚಾಗೇತಿ" ಎಂದು ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.

ಅವಳು ಅಂಗೈಗೆ ಒಂದಿಷ್ಟು ಹಾಕಿಕೊಂಡು ನೆಕ್ಕಿದಳು. "ಖರೇನ ಹುಳಿ ಐತಿ" ಎಂದಳು. ಅಣ್ಣನ ಕಡೆ ತಿರುಗಿ, "ಸುಳ್ಳ ಯಾಕ ಹೇಳತೀಯೋ?" ಎಂದು ಗದರಿದಳು. ಆಮೇಲೆ ಗಡಿಗೆಯನ್ನು ಎದೆಗೊತ್ತಿಕೊಂಡು ಒಳಗೆ ಹೋಗುತ್ತ, ಯಾರನ್ನೂ ಕೇಳದೆ, ತನಗೆ ತಾನೇ ಹೇಳಿಕೊಂಡಳು:

"ನಾಳಿಗೆ ಕಡಿಮಿ ಹಾಕತೀನಿ."