ತೂಕದ ಪರದೆಯ ಮೇಲೆ ನಮ್ಮ ಮಾತು

ಮೊನ್ನೆ ಬೀರು ಸರಿಸುವಾಗ ಹಿಂದೆ ಬಿದ್ದಿದ್ದ ತೂಕದ ಚೀಟಿ ಅಚ್ಚು ಹಾಕುತ್ತಿದ್ದ ಹಳೆಯ ಪ್ರಿಂಟರಿನ ರಿಬ್ಬನ್ ಸಿಕ್ಕಿತು. ಬೆರಳಿಗೆ ಮಸಿ ಹತ್ತಲಿಲ್ಲ, ವಾಸನೆ ಮಾತ್ರ ಹಾಗೇ ಇತ್ತು. ಕಂಪ್ಯೂಟರ್ ಸರ್ ನೆನಪಾದರು…

ಎರಡು ಸಾವಿರದ ಇಸವಿಯ ಆಸುಪಾಸು. ಕೊಟ್ಟೂರಿನ ವೇಬ್ರಿಜ್‌ನಲ್ಲಿ ಲಾರಿ, ಟ್ರ್ಯಾಕ್ಟರ್ ತೂಗುವ ಕೆಲಸ ನನ್ನದು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ನನ್ನ ತೂಕದ ಚೀಟಿಯಲ್ಲಿ ತಪ್ಪು ಹುಡುಕಿದವರಿಲ್ಲ. ಅಲ್ಲಿನ ಸಾಫ್ಟ್‌ವೇರ್ ಬರೆದವರು ಹರಪನಹಳ್ಳಿಯ ಈ ಸರ್. ಒಂದು ಬಟನ್ ಒತ್ತಿದರೆ ಗಾಡಿಯ ಖಾಲಿ ತೂಕ, ಹಿಂದೆಂದೋ ತೂಗಿಟ್ಟದ್ದು, ತಾನೇ ಬರುತ್ತಿತ್ತು. ಆದರೆ ಜನ ಆಮೇಲೆ ಟ್ರೈಲರಿಗೆ ಹೊಸ ಹಲಗೆ ಬಡಿಸುತ್ತಿದ್ದರು. ಹಳೆಯ ತೂಕ ಸುಳ್ಳಾಗುತ್ತಿತ್ತು. ಅದಕ್ಕೇ ಆ ಬಟನ್ನೇ ತೆಗೆದುಬಿಡಲು ಹೊರಟ ಸರ್, ಮುಂಚೆ ಎಚ್ಚರಿಸೋಣವೆಂದು ಪರದೆಯ ಮೇಲೆ ಕೆಂಪಗೆ ಒಂದು ಇಂಗ್ಲಿಷ್ ಸಾಲು ಹಾಕಿದ್ದರು.

ಸಂತೆಯ ದಿನವೇ ಅದು ಕಾಣಿಸಿತು. ನನಗೆ ಓದಲು ಬರಲಿಲ್ಲ. ಮಷೀನು ಕೆಟ್ಟಿತು, ನನ್ನ ಕೆಲಸ ಹೋಯಿತು ಅಂತಲೇ ತಿಳಿದು ತೂಗುವುದನ್ನು ನಿಲ್ಲಿಸಿಬಿಟ್ಟೆ. ಹೊರಗೆ ಮೆಕ್ಕೆಜೋಳದ ಟ್ರ್ಯಾಕ್ಟರುಗಳ ಸಾಲು.

"ಏನಲೇ, ಜೋಳ ಮೊಳಕಿ ಒಡಿಯಾತನ ನಿಲ್ಲಬೇಕೇನು?" ಎಂದು ಚಿಗಟೇರಿಯ ಡ್ರೈವರ್ ಕೂಗಿದ. ಮಾಲೀಕರು, "ಓದಿದೋನ್ನ ಇಟ್ಕೊಂಡಿದ್ರ ಚಲೋ ಇತ್ತು" ಎಂದದ್ದು ಮಾತ್ರ ಎದೆಗೆ ನಾಟಿತು.

ಫೋನ್ ಮಾಡಿದ್ದಕ್ಕೆ ಸರ್ ಬಸ್ ಹತ್ತಿ ಬಂದರು. ಮಾಲೀಕರ ಎದುರಿಗೇ, "ಮಷೀನ್ ಚಲೋ ಐತ್ರಿ, ಇವನೂ ಚಲೋ ಅದಾನ. ತಿಳೀದಂಗ ಬರದಾಂವ ನಾನು" ಎಂದು ಸ್ಟೂಲ್ ಎಳೆದು ನನ್ನ ಪಕ್ಕ ಕೂತರು.

"ನಿನ್ನ ಜಾಗದಾಗ ನಾಳೆ ಹೊಸಬ ಕುಂತ್ರ ಹೆಂಗ ಹೇಳ್ತಿ? ಹೇಳು, ಅದನ್ನ ಹಾಕ್ತೀನಿ."

ನಾನು ಹೇಳಿದಂತೆಯೇ ಕನ್ನಡದಲ್ಲಿ ಹಾಕಿದರು: "ಈ ಬಟನ್ ದೀಪಾವಳಿತನ ಅಷ್ಟ ಇರತೈತಿ. ಹಲಗಿ ಬಡಿಸಿದ್ರ ಹಳೇ ತೂಕ ಸುಳ್ಳಾಗತೈತಿ. ಖಾಲಿ ಗಾಡಿ ಮತ್ತೊಮ್ಮೆ ತೂಗಿ ಪಕ್ಕದ ಬಟನ್ ಒತ್ರಿ. ಹೆದರಬ್ಯಾಡ್ರಿ, ಮಷೀನ್ ಕೆಟ್ಟಿಲ್ಲ."

"ಕೊನೇ ಮಾತು ಯಾರಿಗಪಾ? ಹೊಸಬಗೋ, ನಿನಗೋ?" ಎಂದು ನಕ್ಕರು.

"ಇಬ್ಬರಿಗೂ ಸರ."

ಹಡಗಲಿ, ಹಗರಿಬೊಮ್ಮನಹಳ್ಳಿಯ ವೇಬ್ರಿಜ್ ಪರದೆಗಳ ಮೇಲೂ ಅದೇ ಮಾತು ಬಂತು. ಹಬ್ಬ ಮುಗಿದು ಬಟನ್ ಹೋದಾಗ ಎಲ್ಲೂ ಗಾಡಿ ನಿಲ್ಲಲಿಲ್ಲ. ನಾನೂ ಆ ಕುರ್ಚಿಯಲ್ಲಿ ಉಳಿದೆ. ಆಮೇಲೆ ಏನು ಬದಲಿಸುವುದಿದ್ದರೂ ಸರ್ ಮೊದಲು ನನಗೆ ಫೋನ್ ಮಾಡಿ, "ಇದನ್ನ ಹೆಂಗ ಹೇಳೋಣ?" ಎನ್ನುತ್ತಿದ್ದರು. ಬೇರೆ ಮಷೀನು ಬಂದ ಮೇಲೆ ಆ ಫೋನೂ ನಿಂತಿತು…

ನಿನ್ನೆ ಹರಪನಹಳ್ಳಿಗೆ ಹೋಗಿ ಅವರ ಮನೆ ಹುಡುಕಿದೆ. ಬಾಗಿಲು ತೆಗೆದ ಮಗಳು, "ಅಪ್ಪಾಜಿ ತೀರ್ಕೊಂಡು ಭಾಳ ದಿನ ಆತ್ರಿ" ಎಂದಳು. ಕೊಟ್ಟೂರಿನ ವೇಬ್ರಿಜ್‌ನವನು ಅಂದೆ. ಆಕೆಯ ಮುಖ ಅರಳಿತು.

"ಅಪ್ಪಾಜಿ 'ಕೊಟ್ಟೂರು ಮೇಷ್ಟ್ರು' ಅಂತಿದ್ರಲ್ಲ, ಅವರು ನೀವೇನ್ರಿ?"

ಹೌದ್ರಿ ಅಂದೆ. ನನ್ನನ್ನು ಹಾಗೆ ಕರೆದವರು ಅವರೊಬ್ಬರೇ… ಅವರ ಬಾಯಿಂದ ಕೇಳಲು ತಡವಾಗಿ ಹೋದೆ.